ಹಳೆ ಜಿಪ್ಸಿಗೆ ಎರಡು ಇಂಚು ಲಿಫ್ಟ್: ಬಿಚ್ಚುವ ಮುನ್ನ, ಕಟ್ಟಿದ ಮೇಲೆ

ಲಿಫ್ಟ್ ಹಾಕಿದರೆ, ಅಂದರೆ ಪಟ್ಟಿ (ಲೀಫ್ ಸ್ಪ್ರಿಂಗ್) ಬದಲಿಸಿ ಗಾಡಿ ಎತ್ತರಿಸಿದರೆ, ಆಕ್ಸಲ್ ಮೇಲಿನ ಗೇರಿನ ಉಂಡೆಯಾದ ಡಿಫರೆನ್ಷಿಯಲ್ ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟಯರ್ ಮಾತ್ರ. ಲಿಫ್ಟ್‌ನಿಂದ ಮೇಲೇಳುವುದು ಚಾಸಿ ಮತ್ತು ಬಾಡಿ. ದೊಡ್ಡ ಟಯರಿಗೆ ಜಾಗ ಸಿಗುತ್ತದೆ, ದಿಣ್ಣೆ ಹತ್ತುವಾಗ ಬಂಪರ್ ತಾಗುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಿಗೆ ಎರಡು ಇಂಚು, ಅಂದರೆ 50 ಮಿ.ಮೀ. ಧಾರಾಳವಾಯಿತು. ಜಿಪ್ಸಿ ಅಗಲ ಕಡಿಮೆಯಿರುವ ಗಾಡಿ. ಅದಕ್ಕಿಂತ ಎತ್ತರಿಸಿದರೆ ತಿರುವಿನಲ್ಲಿ ಮಗುಚುವ ಭಯ ಹೆಚ್ಚು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಹಾಗಾಗಿ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಇಪ್ಪತ್ತು, ಮೂವತ್ತು ವರ್ಷ ಓಡಿದ ಪಟ್ಟಿಗಳು ಕುಸಿದಿರುತ್ತವೆ, ಅದೂ ಎಡಬಲ ಒಂದೇ ಸಮ ಅಲ್ಲ. ಹೊಸ ಸೆಟ್ ಕೂರಿಸಿದಾಗ ಕಾಣುವ ಎತ್ತರದಲ್ಲಿ ಒಂದಷ್ಟು ಕಳೆದುಹೋದದ್ದೇ ಮರಳಿ ಬಂದಿರುತ್ತದೆ.

ಬೇಕಾಗುವ ಸಾಮಾನು: 50 ಮಿ.ಮೀ. ಎತ್ತರದ ಪಟ್ಟಿ ಸೆಟ್ ನಾಲ್ಕು, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್ ಎಂಟು, ನಟ್ ಹದಿನಾರು, ಹೆಚ್ಚು ಉದ್ದದ ಶಾಕ್ ಅಬ್ಸಾರ್ಬರ್ ನಾಲ್ಕು, ಪಟ್ಟಿಗೆ ಮೂರು ಕಡೆಯಂತೆ ಹನ್ನೆರಡು ಜಾಗಕ್ಕೆ ರಬ್ಬರ್ ಬುಶ್, ಉದ್ದನೆಯ ಬ್ರೇಕ್ ಹೋಸ್, ಮುಂದಿನ ಆಕ್ಸಲ್‌ಗೆ ಬೇಕಾದರೆ ಓರೆ ಶಿಮ್ (ಬೆಣೆಯಂಥ ತೆಳು ಲೋಹದ ತುಂಡು) ಎರಡು. ಹಳೆ ಯು ಬೋಲ್ಟನ್ನು ಮತ್ತೆ ಹಾಕಲೇಬೇಡಿ. ಒಮ್ಮೆ ಬಿಗಿಸಿದ್ದು ಹಿಗ್ಗಿರುತ್ತದೆ, ಮತ್ತೆ ಹಿಡಿತ ಕೊಡುವುದಿಲ್ಲ. ಪಟ್ಟಿ ಬದಲು ಉದ್ದನೆಯ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕುವುದು ಅಗ್ಗ, ನಿಜ. ಆದರೆ ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು, ಜೊತೆಗೆ ಮುಂದಿನ ಆಕ್ಸಲ್ಲೂ ವಾಲುತ್ತದೆ.

ಕೆಲಸಕ್ಕೆ ಎರಡು ದಿನ ಮುಂಚೆಯೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮಲೆನಾಡಿನ ಮಳೆಯಲ್ಲಿ ನೆಂದ ಗಾಡಿಯಲ್ಲಿ ಪಟ್ಟಿಯ ಕಣ್ಣಿನ (ತುದಿಯ ಸುರುಳಿಯ) ಬೋಲ್ಟ್ ಬುಶ್‌ಗೇ ಕಚ್ಚಿಕೊಂಡಿರುತ್ತದೆ. ನಟ್ ಸಲೀಸಾಗಿ ಬರುತ್ತದೆ, ಬೋಲ್ಟ್ ಮಾತ್ರ ಸುತ್ತಿಗೆ ಏಟಿಗೆ ತುದಿ ಚಪ್ಪಟೆಯಾದರೂ ಅಲ್ಲಾಡದು. ಗ್ರೈಂಡರಿನಿಂದ ಎರಡೂ ಬದಿ ಕತ್ತರಿಸುವುದೇ ಆಗ ಉಳಿಯುವ ದಾರಿ. ಹೊಸ ಬೋಲ್ಟ್ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಹಿಂಭಾಗದಿಂದ ಆರಂಭಿಸಿ. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್ ಬ್ರೇಕ್ ನಂಬುವಂತಿಲ್ಲ. ಮುಂದಿನ ಚಕ್ರಗಳಿಗೆ ಉರುಳದಂತೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡಿ. ಸ್ಟ್ಯಾಂಡ್ ಚಾಸಿಯ ಕೆಳಗೆ, ಜಾಕ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಕೆಳಗೆ. ಶಾಕ್ ಅಬ್ಸಾರ್ಬರ್ ಬಿಚ್ಚಿ, ಯು ಬೋಲ್ಟ್ ತೆಗೆದು, ಹೌಸಿಂಗನ್ನು ನಿಧಾನ ಇಳಿಸಿ. ಕಣ್ಣು ಬ್ರೇಕ್ ಹೋಸ್ ಮೇಲಿರಲಿ. ಅದು ಬಿಗಿಯಾದ ಕೂಡಲೇ ನಿಲ್ಲಿಸಿ.

ಹೊಸ ಪಟ್ಟಿ ಇಡುವಾಗ ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಪೀಠದ ತೂತಿನೊಳಗೆ ಪೂರ್ತಿ ಕೂತಿರಬೇಕು. ಕೂರದೆ ಬಿಗಿಸಿದರೆ ಆಕ್ಸಲ್ ಸರಿದು, ಗಾಡಿ ಒಂದು ಬದಿಗೆ ಎಳೆಯುತ್ತದೆ. ಯು ಬೋಲ್ಟಿನ ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ, ಸರ್ವಿಸ್ ಪುಸ್ತಕದಲ್ಲಿರುವ ಟಾರ್ಕ್ (ಬಿಗಿತದ ಅಳತೆ) ವರೆಗೆ ತನ್ನಿ. ಕಣ್ಣಿನ ಮತ್ತು ಶ್ಯಾಕಲ್ ಬೋಲ್ಟುಗಳನ್ನು ಮಾತ್ರ ಈಗ ಬೆರಳಲ್ಲಿ ತಿರುಗಿಸಿ ಬಿಡಿ. ಗ್ಯಾರೇಜುಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಚಕ್ರ ನೇತಾಡುವಾಗ ಬಿಗಿಸಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರ್ ಬುಶ್ ಹಿಂಡಿದಂತೆ ತಿರುಚಿಕೊಂಡು ಬೇಗನೆ ಹರಿಯುತ್ತದೆ, ಸವಾರಿಯೂ ಒರಟಾಗುತ್ತದೆ. ಚಕ್ರ ಹಾಕಿ, ಇಳಿಸಿ, ಬಾಡಿಯನ್ನು ನಾಲ್ಕೈದು ಸಲ ಒತ್ತಿ ಅಲ್ಲಾಡಿಸಿ, ಭಾರ ಕೂತ ಮೇಲೆ ಬಿಗಿಸಿ. ಶ್ಯಾಕಲ್‌ನ ಕೆಳತುದಿ ಪಟ್ಟಿಯಿಂದ ಆಚೆಗೆ ಸ್ವಲ್ಪ ವಾಲಿರಬೇಕು. ಒಳಗೆ ವಾಲಿದ್ದರೆ ಪಟ್ಟಿಗೆ ಹಿಗ್ಗಲು ಜಾಗವಿರುವುದಿಲ್ಲ.

ಮುಂಭಾಗದ ಕ್ರಮವೂ ಇದೇ, ಆದರೆ ಜಿಪ್ಸಿಯ ಮುಂದಿನ ಶ್ಯಾಕಲ್ ಇರುವುದು ಪಟ್ಟಿಯ ಮುಂತುದಿಯಲ್ಲಿ. ಶ್ಯಾಕಲ್ ಉದ್ದವಾದರೆ ಆ ತುದಿ ತಗ್ಗಿ, ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ವಾಲಿ, ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಗ ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಾರದು, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಪಟ್ಟಿಯಿಂದಷ್ಟೇ ಎತ್ತರಿಸಿದಾಗಲೂ ಕ್ಯಾಸ್ಟರ್ ಅಳೆಸಿ. ಕಡಿಮೆಯಿದ್ದರೆ ಮಾತ್ರ ಪಟ್ಟಿಗೂ ಪೀಠಕ್ಕೂ ನಡುವೆ, ದಪ್ಪ ಬದಿ ಮುಂದಕ್ಕೆ ಬರುವಂತೆ ಶಿಮ್ ಕೊಡಿ. ಶಿಮ್‌ನ ಓರೆ ಎರಡರಿಂದ ನಾಲ್ಕು ಡಿಗ್ರಿಯೊಳಗೆ ಇರಲಿ. ಹೆಚ್ಚಾದರೆ ಡಿಫರೆನ್ಷಿಯಲ್‌ನ ಮೂತಿ ಕೆಳಗಾಗಿ ಮುಂದಿನ ಜಾಯಿಂಟ್ ಶಾಫ್ಟ್ (ಆಕ್ಸಲ್‌ಗೆ ಎಂಜಿನ್ ಶಕ್ತಿ ಒಯ್ಯುವ ದಂಡ) ಅದುರುತ್ತದೆ. ಎತ್ತರಕ್ಕೆ ಸ್ಟೇರಿಂಗ್ ಚಕ್ರವೂ ಓರೆಯಾಗುತ್ತದೆ. ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳಾದ ಡ್ರ್ಯಾಗ್ ಲಿಂಕಿನ ಲಾಕ್ ನಟ್ ಸಡಿಲಿಸಿ ಉದ್ದ ಸರಿಹೊಂದಿಸಿ.

ಈಗ ಚಾಸಿಯನ್ನು ಮತ್ತೆ ಎತ್ತಿ, ಆಕ್ಸಲ್ ಪೂರ್ತಿ ನೇತಾಡಲಿ. ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ: ಹೋಸ್ ಎಲ್ಲೂ ಬಿಗಿಯಾಗಬಾರದು, ಟಯರಿಗೆ ಉಜ್ಜಬಾರದು. ಜಾಯಿಂಟ್ ಶಾಫ್ಟಿನ ಸ್ಪ್ಲೈನ್ (ಒಳಹೊರಗೆ ಜಾರುವ ಹಲ್ಲಿನ ಭಾಗ) ಎಷ್ಟು ಹೊರಬಂದಿದೆ ಎಂದೂ ನೋಡಿ. ತುದಿಯವರೆಗೆ ಬಂದಿದ್ದರೆ ಅಂತರ ತುಂಬುವ ಸ್ಪೇಸರ್ ಬೇಕು.

ವೀಲ್ ಅಲೈನ್‌ಮೆಂಟ್ ಮಾಡಿಸಿ. 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಯು ಬೋಲ್ಟ್ ಬಿಗಿಸಿ. ಪಟ್ಟಿಗಳು ಒಂದರ ಮೇಲೊಂದು ಕೂರುತ್ತಿದ್ದಂತೆ ಅವು ಸಡಿಲಾಗುತ್ತವೆ. ಕೆಲಸ ಮುಗಿದ ಸಂಜೆಯೇ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಬೆಳಕನ್ನೂ ಇಳಿಸಿ. ಎತ್ತರಿಸಿದ ಗಾಡಿಯ ದೀಪ ಎದುರಿನ ಚಾಲಕನ ಕಣ್ಣಿಗೇ ಹೊಡೆಯುತ್ತದೆ.