ಸ್ಟೇಟ್ ಲೆವೆಲ್ ಆಡದೇನೇ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಟೀಮ್ ಕೋಚ್ ಆದೆ – ನನ್ನ ಅನುಭವ

ಹೋದ ತಿಂಗಳು ನಮ್ಮ ಕೋರ್ಟ್ ಹತ್ರ ಒಬ್ಬ ಹುಡುಗ ಬಂದ, ಸೆಕೆಂಡ್ ಪಿಯು ಅಂತೆ, ಹೈಟು ನನ್ನಷ್ಟೇ, ಐದೂವರೆ ಅಡಿ ಚಿಲ್ಲರೆ. "ಸರ್, ನಾನು ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕೋಚ್ ಆಗ್ಬೇಕು, ಏನ್ ಮಾಡ್ಲಿ" ಅಂದ. ಶಾಟ್ ಕ್ಲಾಕ್, ಅಂದ್ರೆ ಬಾಲ್ ಸಿಕ್ಕಮೇಲೆ ಶಾಟ್ ಹೊಡಿಯಕ್ಕೆ ಇರೋ ಟೈಮು, ಎಷ್ಟಪ್ಪಾ ಅಂದೆ. ತಟ್ಟಂತ 30 ಅಂದ. ರಾತ್ರಿ ಎಲ್ಲಾ ಮೊಬೈಲಲ್ಲಿ ಅಮೆರಿಕಾ ಕಾಲೇಜ್ ಮ್ಯಾಚ್ ನೋಡ್ತಾನಂತೆ, ಅಲ್ಲಿನ ಕಾಲೇಜ್ ಆಟದ ಸಂಸ್ಥೆ ಎನ್‌ಸಿಎಎ ನಡೆಸೋ ಗಂಡುಹುಡುಗ್ರ ಮ್ಯಾಚಲ್ಲಿ 30 ಸೆಕೆಂಡೇ, 20 ನಿಮಿಷದ ಎರಡು ಹಾಫು, ಅವನದ್ದೇನೂ ತಪ್ಪಿಲ್ಲ. ಆದ್ರೆ ಬೆಂಗಳೂರಲ್ಲಿ ನಾವು ಆಡೋದು ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ರೂಲ್ಸು, 24 ಸೆಕೆಂಡು, 10 ನಿಮಿಷದ ನಾಲ್ಕು ಕ್ವಾರ್ಟರು. ಮೊದಲು ಇಲ್ಲಿಂದ ಶುರು ಮಾಡು ಮಾರಾಯ ಅಂದೆ.

ಅವನಿಗೆ ನಿಂತ್ಕೊಂಡೇ ಹತ್ತು ನಿಮಿಷ ಹೇಳಿ ಕಳಿಸಿದೆ, ಮನೆಗೆ ಬಂದ್ಮೇಲೆ ಅರ್ಧಂಬರ್ಧ ಹೇಳಿದ್ನಲ್ಲಾ ಅನ್ನಿಸ್ತು, ಅದಕ್ಕೆ ಇದು. ಇನ್ನೊಂದು ಕಾರಣಾನೂ ಇದೆ, ಯಾಕೆ ಮುಚ್ಚಿಡ್ಲಿ. ಈ ಸಲ ನಮ್ಮ ಹುಡುಗ್ರು ಇಂಟರ್‌ಕಾಲೇಜ್ ಕಪ್ ತಂದ್ರು, "ಸ್ಟೇಟ್ ಆಡದವನು ಏನ್ ಕೋಚಿಂಗ್ ಮಾಡ್ತಾನೆ ಬಿಡ್ರಿ" ಅಂತಿದ್ದೋರೇ ಬಂದು ಕೈ ಕುಲುಕಿ ಹೋದ್ರು.

ನಾನು ಕ್ಲಬ್ ಟೀಮಲ್ಲಿ ಹನ್ನೆರಡನೇಯವನು. 12 ಜನದ ಟೀಮಲ್ಲಿ ಹನ್ನೆರಡನೇಯವನು ಅಂದ್ರೆ ನಿಮಗೆ ಗೊತ್ತಲ್ಲ, ವಾರ್ಮಪ್ಪಲ್ಲಿ ಬೆವರಿದ್ದೇ ಬೆವರು. ಒಂದು ಟೂರ್ನಮೆಂಟಲ್ಲಿ ಸ್ಕೋರ್ ಬರಿಯೋನು ಕೈಕೊಟ್ಟ, ಸುಮ್ನೆ ಕೂತಿದ್ದೀಯಲ್ಲಾ ಬಾ ಇಲ್ಲಿ ಅಂತ ನನ್ನ ಟೇಬಲ್ಲಿಗೆ ಎಳೆದ್ರು. ಆಗ ನನಗೆ 16. ಸ್ಕೋರ್ ಶೀಟ್ ತುಂಬೋದು ಗೊತ್ತಿಲ್ಲದೋರಿಗೆ ಹೇಳ್ತೀನಿ, ಒಂದು-ಮೂರನೇ ಕ್ವಾರ್ಟರ್‌ಗೆ ಕೆಂಪು ಪೆನ್ನು, ಎರಡು-ನಾಲ್ಕಕ್ಕೆ ನೀಲಿ ಇಲ್ಲಾ ಕಪ್ಪು, ಬಾಸ್ಕೆಟ್‌ಗೆ ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕಿ, ತ್ರೀ, ಅಂದ್ರೆ ಮೂರು ಪಾಯಿಂಟಿನ ಶಾಟ್, ಹಾಕಿದವನ ನಂಬರ್ ಸುತ್ತ ಸೊನ್ನೆ. ಮೊದಲನೇ ದಿನ ನನ್ನ ರನ್ನಿಂಗ್ ಸ್ಕೋರಿಗೂ (ಶೀಟಲ್ಲಿ ಕೂಡ್ತಾ ಹೋಗೋ ಒಟ್ಟು ಲೆಕ್ಕ) ಬೋರ್ಡಿಗೂ ನಾಲ್ಕು ಪಾಯಿಂಟ್ ತಾಳೆ ಆಗ್ಲಿಲ್ಲ, ರೆಫರಿ ಎಲ್ಲರ ಮುಂದೇನೇ ಬೈದ. ಕಿವಿ ಬಿಸಿ ಆಯ್ತು, ಆದ್ರೆ ಜಾಗ ಮಾತ್ರ ಬಿಡ್ಲಿಲ್ಲ.

ಯಾಕಂದ್ರೆ ಆ ಕುರ್ಚಿ ಇದೆಯಲ್ಲ, ಅದಕ್ಕಿಂತ ಒಳ್ಳೆ ಸೀಟು ಇಡೀ ಸ್ಟೇಡಿಯಮ್ಮಲ್ಲಿ ಇಲ್ಲ. ಎರಡೂ ಬೆಂಚಿನ ಮಾತು ಕಿವಿಗೆ ಬೀಳತ್ತೆ. ಯಾವ ಕೋಚು ಒಳ್ಳೆ ಆಟಗಾರನಿಗೆ ಮೂರನೇ ಫೌಲ್ ಬಿದ್ದ ತಕ್ಷಣ ಗಾಬರಿ ಬೀಳ್ತಾನೆ, ಯಾವನು ಟೈಮ್‌ಔಟ್ ಎಲ್ಲಾ ಮುಂಚೇನೇ ಮುಗಿಸಿ ಕೊನೇಲಿ ಕೈ ಹಿಸುಕಿಕೊಳ್ತಾನೆ, ಎಲ್ಲಾ ಕಣ್ಣೆದುರೇ. ನಾನೊಂದು ಉದ್ದ ಲೆಡ್ಜರ್ ಬುಕ್ ತಗೊಂಡೆ, ಪ್ರತಿ ಟೈಮ್‌ಔಟ್ ಆದ್ಮೇಲೆ ಮುಂದಿನ ಮೂರು ಪೊಸೆಷನ್, ಅಂದ್ರೆ ಬಾಲ್ ಕೈಗೆ ಸಿಕ್ಕ ಸರದಿ, ಏನಾಯ್ತು ಅಂತ ಬರೀತಾ ಹೋದೆ, ಅಷ್ಟೇ, ಬೇರೆ ಏನೂ ಇಲ್ಲ. ಆರೇಳು ವರ್ಷಕ್ಕೆ ಸುಮಾರು 400 ಮ್ಯಾಚ್ ಆಯ್ತು ಅನ್ಕೋತೀನಿ. ಮ್ಯಾಚಿಗೆ 50-75 ರೂಪಾಯಿ, ಮಧ್ಯಾಹ್ನಕ್ಕೊಂದು ಪುಳಿಯೋಗರೆ ಪ್ಯಾಕೆಟ್ಟು. 2017ರಲ್ಲಿ ಕಂಠೀರವದಲ್ಲಿ ಹೆಂಗಸರ ಏಷ್ಯಾ ಕಪ್ ನಡೀತಲ್ಲ, ನಮ್ಮವರು ಕೆಳಗಿನ ಹಂತ ಡಿವಿಷನ್ ಬಿ ಗೆದ್ದಿದ್ದು, ಆ ಹೊತ್ತಿಗೆ ನಾನು ಕೋಚ್ ಆಗಿದ್ರೂ ಚಟ ಬಿಟ್ಟಿರ್ಲಿಲ್ಲ, ಗ್ಯಾಲರೀಲಿ ಬುಕ್ ಹಿಡ್ಕೊಂಡು ಕೂತಿದ್ದೆ. ಜಪಾನು ಆಸ್ಟ್ರೇಲಿಯಾನ ಒಂದೇ ಪಾಯಿಂಟಲ್ಲಿ ಹೊಡೀತು, ಎಲ್ಲಾ ಎದ್ದು ಕೂಗ್ತಿದ್ರೆ ನಾನು ತಲೆ ಬಗ್ಗಿಸಿ ಬರೀತಿದ್ದೆ. ಪಕ್ಕದ ಅಂಕಲ್ಲು "ಏನ್ ಸಾರ್, ಪೇಪರ್ನೋರಾ" ಅಂದ್ರು.

ಅಮೆರಿಕಾದಲ್ಲೂ ಎಷ್ಟೋ ಜನ ಟೀಮಿಗೆ ಸ್ಟೂಡೆಂಟ್ ಮ್ಯಾನೇಜರ್ ಆಗಿ, ಟವೆಲ್ ಹಿಡಿದು, ನೀರು ತುಂಬಿ ಕೋಚಿಂಗಿಗೆ ಬಂದಿರೋದು. ಯುಸಿಎಲ್ಎ ಯೂನಿವರ್ಸಿಟಿಗೆ 12 ವರ್ಷದಲ್ಲಿ 10 ಚಾಂಪಿಯನ್‌ಶಿಪ್ ತಂದ ಜಾನ್ ವುಡನ್ ಮೊದಲು ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು, ಅವರಾದ್ರೋ ಆಟದಲ್ಲೂ ಗಟ್ಟಿ ಕುಳ, ನನ್ನ ಥರ ಅಲ್ಲ, ಅದು ಬೇರೆ ಮಾತು.

ಈಗ ದುಡ್ಡಿನ ವಿಷಯ, ಇದನ್ನ ಆ ಹುಡುಗನಿಗೆ ಅವರಪ್ಪನ್ನ ಕರ್ಕೊಂಡು ಬಾ, ಅವರೆದುರೇ ಹೇಳ್ತೀನಿ ಅಂದಿದೀನಿ. 22ಕ್ಕೆ ಒಂದು ಸಮ್ಮರ್ ಕ್ಯಾಂಪ್ ಮಾಡಿದೆ, ಸ್ವಂತದ್ದು. 1500 ರೂಪಾಯಿ ಫೀಸು, 32 ಮಕ್ಕಳು ಸೇರಿದ್ರು, ಎದೆ ಉಬ್ಬಿಹೋಯ್ತು. ಒಂಬತ್ತು ಜನ ಕೊನೇವರೆಗೂ ದುಡ್ಡೇ ಕೊಡ್ಲಿಲ್ಲ, ನಾಳೆ ಅಂಕಲ್ ನಾಳೆ ಅಂಕಲ್. ಕೋರ್ಟ್ ಬಾಡಿಗೆ 18 ಸಾವಿರ, 12 ರಬ್ಬರ್ ಬಾಲು ಎಂಟೂವರೆ ಸಾವಿರದ ಹತ್ರ, ಸಹಾಯಕ್ಕೆ ಬಂದ ಹುಡುಗನಿಗೆ ನಾಲ್ಕು. ಜೋಶಲ್ಲಿ 40 ಟೀ ಶರ್ಟ್ ಪ್ರಿಂಟ್ ಹಾಕಿಸಿದೆ, ಅದೊಂದು ಆರು. ಮೇ ತಿಂಗಳ ಮಳೆ ಗೊತ್ತಲ್ಲ, ಸರಿಯಾಗಿ ನಾಲ್ಕೂವರೆಗೆ ಮೋಡ ಕವಿದು ಐದಕ್ಕೆ ಸುರಿಯೋದು, ಹತ್ತು ಹನ್ನೆರಡು ದಿನ ಹಾಗೇ ಹೋಯ್ತು, ಪೇರೆಂಟ್ಸ್ ಜಗಳ ಆಡಿ ಐದು ಸಾವಿರ ವಾಪಸ್ ಇಸ್ಕೊಂಡ್ರು. ಕೊನೆಗೆ ಲೆಕ್ಕ ಹಾಕಿದ್ರೆ ಕೈಯಿಂದ ಏಳು ಸಾವಿರ ಹೋಗಿತ್ತು. ಅಮ್ಮ ಹೇಳಿದ್ದು ಇವತ್ತಿಗೂ ನೆನಪಿದೆ, "ಎಲ್ಲರೂ ಕೆಲಸ ಮಾಡಿ ಸಂಬಳ ತರ್ತಾರೆ, ನೀನು ಸಂಬಳ ಕೊಟ್ಟು ಕೆಲಸ ಮಾಡ್ತೀಯಲ್ಲೋ." ಉಳಿದ ಟೀ ಶರ್ಟಲ್ಲಿ ಈಗಲೂ ಮಳೆ ಬಂದಾಗ ಕೋರ್ಟ್ ಒರೆಸ್ತೀವಿ. ಒಳ್ಳೆ ಕಾಟನ್ನು, ನೀರು ಚೆನ್ನಾಗಿ ಹೀರ್ಕೊಳತ್ತೆ.

ಆಮೇಲೆ ಒಂದು ಕಾಲೇಜು, ಹೆಸರು ಬೇಡ. ಅಲ್ಲಿನ ಪಿಇಡಿ ಸರ್, ಅಂದ್ರೆ ಫಿಸಿಕಲ್ ಎಜುಕೇಷನ್ ಡೈರೆಕ್ಟರು, "ದುಡ್ಡು ಕೊಡಕ್ಕಾಗಲ್ಲ, ಬೇಕಿದ್ರೆ ಬಾ" ಅಂದ್ರು. ಒಂದು ವರ್ಷ ಫ್ರೀ, ಆಮೇಲೆ ತಿಂಗಳಿಗೆ ಆರು ಸಾವಿರ, ಅದು ನಾಲ್ಕು ತಿಂಗಳಿಗೊಂದು ಸಲ ಬರೋದು. ಹೊಟ್ಟೆಪಾಡಿಗೆ ಬಿಪಿಓ ನೈಟ್ ಶಿಫ್ಟು, ಕ್ಯಾಬ್ ಡ್ರೈವರಣ್ಣ ಬೆಳಗ್ಗೆ ಐದೂಮುಕ್ಕಾಲಿಗೆ ನೇರ ಕಾಲೇಜ್ ಗೇಟಲ್ಲೇ ಇಳಿಸೋರು, ಪಾಪ ರೂಟ್ ಬಿಟ್ಟು ಬರೋರು. ಮೊದಲನೇ ಸೀಸನ್ ಮೊದಲನೇ ಮ್ಯಾಚು 71-28. ಸೋತಿದ್ದು ನಾವು. ಯಾಕಂದ್ರೆ ನಾನೂ ಆ ಹುಡುಗನ ಥರಾನೇ ವಿಡಿಯೋ ನೋಡಿ ಎಂಟು ಪ್ಲೇ, ಅಂದ್ರೆ ಯಾರು ಎಲ್ಲಿ ಓಡ್ಬೇಕು ಅನ್ನೋ ಪ್ಲಾನು, ಕಲಿಸಿದ್ದೆ, ಎಂಟಕ್ಕೂ ಹೆಸರು ಬೇರೆ ಇಟ್ಟಿದ್ದೆ, ಮ್ಯಾಚಲ್ಲಿ ನಾನು ಹೆಸರು ಕೂಗಿದ್ರೆ ಐದು ಜನ ಐದು ಕಡೆ ಓಡೋರು. ಮಾರನೇ ದಿನ ಆರು ಕಿತ್ತೆಸೆದು ಎರಡು ಇಟ್ಕೊಂಡೆ. ಇವತ್ತಿಗೂ ಎರಡೇ.

ಮಧ್ಯ ಮಧ್ಯ ಏನೇನೋ ಮಾಡಿ ನೋಡಿದೀನಿ. ಡಿಫೆನ್ಸಲ್ಲಿ ಯಾರೂ ಮೊಣಕಾಲು ಬಗ್ಗಿಸಲ್ಲ ಅಂತ ವಾರಕ್ಕೊಂದಿನ ಕಬಡ್ಡಿ ಆಡಿಸಿದೆ, ಉಳಿದ ಕೋಚ್‌ಗಳು ನೋಡಿ ನಕ್ಕಿದ್ದೇ ನಕ್ಕಿದ್ದು. ಸ್ಟಾನ್ಸ್ ಮಾತ್ರ ನಿಜವಾಗ್ಲೂ ಕೆಳಗೆ ಬಂತು ಕಣ್ರೀ, ಆದ್ರೆ ಸಿಮೆಂಟ್ ಕೋರ್ಟಲ್ಲಿ ಆಡಿಸೋ ತಪ್ಪು ಮಾಡಬೇಡಿ, ಒಬ್ಬನ ಮೊಣಕೈ ಕಿತ್ತು ಮೂರು ಹೊಲಿಗೆ, ಬಿಲ್ಲು ನನ್ನ ಜೇಬಿಂದ. ಈಗ ಗ್ರೌಂಡ್ ಮಣ್ಣಲ್ಲಿ ಆಡಿಸ್ತೀನಿ. ಕಣ್ಣಿಗೆ ಬಟ್ಟೆ ಕಟ್ಟಿ ಡ್ರಿಬಲ್ ಮಾಡಿಸಿದ್ದು ಪೂರ್ತಿ ವೇಸ್ಟು. ಕೆಲಸ ಮಾಡಿದ್ದು ಹುಣಸೆ ಬೀಜ. ನಗಬೇಡಿ. ರಿಂಗ್ ಕೆಳಗೆ ಎರಡು ಡಬ್ಬ, ಒಬ್ಬೊಬ್ಬನಿಗೆ 50 ಬೀಜ, ಶಾಟ್ ಬಿದ್ರೆ ಒಂದು ಡಬ್ಬ, ಮಿಸ್ ಆದ್ರೆ ಇನ್ನೊಂದು. ಹೊಡೆದವನೇ ಹಾಕಿದ್ರೆ ಕಳ್ಳಾಟ ಆಡ್ತಾರೆ, ರಿಬೌಂಡ್ ಹಿಡಿಯೋನು ಹಾಕಬೇಕು. ಟೀಮ್ ಆವರೇಜು 50ಕ್ಕೆ 21-22 ಇದ್ದಿದ್ದು ಒಂದು ಸೆಮಿಸ್ಟರಲ್ಲಿ 29-30ಕ್ಕೆ ಬಂತು. ಬಾಯಲ್ಲಿ ಎಣಿಸಿದಾಗ ಬರದೇ ಇದ್ದಿದ್ದು ಬೀಜ ಕಣ್ಣಿಗೆ ಕಂಡಾಗ ಯಾಕೆ ಬಂತು ಅಂತ ಕೇಳಬೇಡಿ. ಮೊಬೈಲನ್ನ ಮೂರನೇ ಮಹಡಿ ಕಿಟಕಿಗೆ ಕಟ್ಟಿ ಮೇಲಿಂದ ವಿಡಿಯೋ ಮಾಡೋದೂ ಉಪಯೋಗ ಆಯ್ತು, ಕಟ್ಟಿದ ದಾರ ಒಂದಿನ ಬಿಚ್ಚಿಕೊಂಡು ಮೊಬೈಲ್ ಹೋಗಿದ್ದು ಬಿಟ್ರೆ.

ಸರ್ಟಿಫಿಕೇಟ್ ಬೇಕಾ ಅಂತ ಎಲ್ಲರೂ ಕೇಳ್ತಾರೆ. ಬೇಕು. ನಾನು ಪಟಿಯಾಲಾದ ಕ್ರೀಡಾ ಸಂಸ್ಥೆ ಎನ್ಐಎಸ್‌ನ ಆರು ವಾರದ ಕೋರ್ಸ್ ಮಾಡಿದೆ, ಓಡಾಟ ಊಟ ಎಲ್ಲಾ ಸೇರಿ 25-30 ಸಾವಿರ ಆಯ್ತು, ಆ ಬಿಸಿಲು, ದಿನಾ ರೋಟಿ, ಒಂದು ಲೋಟ ಸಾರಿಗೆ ಜೀವ ಬಿಡ್ತಿದ್ದೆ. ಕೋಚಿಂಗೇ ನೆಚ್ಚಿಕೊಳ್ಳೋನು ಅಲ್ಲೀದೇ ಒಂದು ವರ್ಷದ ಡಿಪ್ಲೊಮಾ ಮಾಡ್ಲಿ. ಪಿಇಡಿ ಪೋಸ್ಟ್ ಮೇಲೆ ಕಣ್ಣಿದ್ರೆ ಬಿ.ಪಿ.ಎಡ್ ಎರಡು ವರ್ಷ, ಎಂ.ಪಿ.ಎಡ್ ಎರಡು ವರ್ಷ, ಅದರಲ್ಲಿ 55 ಪರ್ಸೆಂಟು, ಮೇಲೆ ನೆಟ್ ಇಲ್ಲಾ ಕೆ-ಸೆಟ್ ಅರ್ಹತಾ ಪರೀಕ್ಷೆ. ನಾನು ಆ ದಾರಿ ಹಿಡೀಲಿಲ್ಲ, ಅದಕ್ಕೇ ಇನ್ನೂ ಪಾರ್ಟ್ ಟೈಮು. ಹುಡುಗನಿಗೆ ಮಾತ್ರ ಹಿಡಿ ಅಂದಿದೀನಿ.

ಈಗ ಆ ಇಂಟರ್‌ಕಾಲೇಜ್ ಕಪ್ ಫೈನಲ್ ವಿಷಯ. 21 ಸೆಕೆಂಡ್ ಇದೆ, ನಾವು ಒಂದು ಪಾಯಿಂಟ್ ಮುಂದೆ, ಅವರು ಈಗಷ್ಟೇ ಬಾಸ್ಕೆಟ್ ಹಾಕಿದಾರೆ. ನಾನು ಟೈಮ್‌ಔಟ್ ತಗೊಂಡೆ. ಕೊನೇ ಎರಡು ನಿಮಿಷದಲ್ಲಿ ಟೈಮ್‌ಔಟ್ ಆದ್ಮೇಲೆ ಬಾಲ್ ಫ್ರಂಟ್‌ಕೋರ್ಟಿಂದ (ನಾವು ಬಾಸ್ಕೆಟ್ ಹಾಕೋ ಕಡೆ ಅರ್ಧ) ಬೇಕಾ ಬ್ಯಾಕ್‌ಕೋರ್ಟಿಂದ (ನಾವು ಕಾಯೋ ಕಡೆ ಅರ್ಧ) ಬೇಕಾ ಕೋಚೇ ಹೇಳಬಹುದಲ್ಲ, ನಮ್ಮ ಪಿಇಡಿ ಸರ್, ಸೀನಿಯರ್ಸು, ಗ್ಯಾಲರಿ, ಎಲ್ಲಾ "ಮುಂದೆ ತಗೋ ಮುಂದೆ ತಗೋ" ಅಂತ ಒಂದೇ ಸಮ. ಮುಂದೆ ತಗೊಂಡ್ರೆ ಶಾಟ್ ಕ್ಲಾಕು 14, ಅಂದ್ರೆ ಏಳು ಸೆಕೆಂಡ್ ಇರೋವಾಗ ನಾವು ಶಾಟ್ ಹೊಡೀಲೇಬೇಕು, ಮಿಸ್ ಆದ್ರೆ ಅವರಿಗೆ ಏಳು ಸೆಕೆಂಡು, ಏಳರಲ್ಲಿ ಏನೇನಾಗತ್ತೆ ಅಂತ ನನ್ನ ಲೆಡ್ಜರಲ್ಲಿ ಪುಟಗಟ್ಟಲೆ ಇದೆ. ಹಿಂದೆ ತಗೊಂಡ್ರೆ 24, ಗೇಮ್ ಕ್ಲಾಕಲ್ಲಿ ಇರೋದೇ 21, ಶಾಟ್ ಹೊಡಿಯೋ ಗೋಜೇ ಇಲ್ಲ, ಎಂಟು ಸೆಕೆಂಡಲ್ಲಿ ಹಾಫ್ ದಾಟಿದ್ರೆ ಸಾಕು. ಬ್ಯಾಕ್‌ಕೋರ್ಟ್ ಅಂದೆ. ಸರ್ ತಲೆ ಮೇಲೆ ಕೈ ಇಟ್ಕೊಂಡ್ರು. ಹುಡುಗ್ರು ದಾಟಿದ್ರು, ಸುತ್ತಿಸಿದ್ರು, ಅವರು ಬೇರೆ ದಾರಿ ಇಲ್ದೇ ಮೂರು ಸೆಕೆಂಡ್ ಇರೋವಾಗ ಫೌಲ್ ಮಾಡಿದ್ರು, ಅದೂ ಬೀಜದ ಡಬ್ಬದಲ್ಲಿ ಯಾವಾಗ್ಲೂ ಮುಂದಿರೋ ಹುಡುಗನ ಮೇಲೇ. ಎರಡು ಫ್ರೀ ಥ್ರೋನಲ್ಲಿ ಒಂದು ಬಿತ್ತು, ಎರಡು ಪಾಯಿಂಟಲ್ಲಿ ಗೆದ್ವಿ. ಕೊನೇ ಪಾಸು ಅವನ ಕೈಗೇ ಹೋಗೋ ಹಾಗೆ ಹೆಂಗೆ ನಿಲ್ಲಿಸಿದ್ದೆ ಅಂತ ಮಾತ್ರ ಕೇಳಬೇಡಿ, ಮುಂದಿನ ವರ್ಷಾನೂ ಟೂರ್ನಮೆಂಟ್ ಇದೆ, ಇದನ್ನ ಓದ್ತಿರೋರಲ್ಲಿ ಮೂರ್ನಾಲ್ಕು ಜನ ಎದುರು ಬೆಂಚಲ್ಲೇ ಕೂರೋರು.

ಹುಡುಗ ಈಗ ಶನಿವಾರ ಶನಿವಾರ ಬರ್ತಾನೆ. ಮೊದಲನೇ ವಾರ ನೀಲಿ ಪೆನ್ನೊಂದೇ ತಂದಿದ್ದ, ಬೀದಿ ಕೊನೆ ಅಂಗಡಿಗೆ ಓಡಿಸಿದೆ. ಚಿಕ್ಕ ಮಕ್ಕಳ ಬ್ಯಾಚ್ ಒಂದು ಕೊಟ್ಟಿದೀನಿ, ಎಂಟು ವರ್ಷದ 14 ಮಕ್ಕಳು, ಅವರನ್ನ ಸಾಲಲ್ಲಿ ನಿಲ್ಲಿಸೋಷ್ಟರಲ್ಲೇ ಗಂಟಲು ಕಟ್ಟಿತ್ತು. ಮೊನ್ನೆ ಪ್ರಾಕ್ಟೀಸ್ ಮ್ಯಾಚಿಗೆ ಶೀಟ್ ತುಂಬಕ್ಕೆ ಕೂರಿಸಿದೆ. ರನ್ನಿಂಗ್ ಸ್ಕೋರ್ 46, ಕ್ವಾರ್ಟರ್ ಕೂಡಿದ್ರೆ 44. ಎರಡು ಪಾಯಿಂಟ್ ಎಲ್ಲಿ ಹೋಯ್ತು ಅಂತ ಕತ್ತಲಾಗೋವರೆಗೂ ಮೆಟ್ಟಿಲ ಮೇಲೆ ಕೂತು ಹುಡುಕಿ, ಕೊನೆಗೆ ಶೀಟನ್ನ ಮನೆಗೇ ತಗೊಂಡು ಹೋಗಿದಾನೆ. ನನಗೆ ನೋಡಿದ ತಕ್ಷಣ ಗೊತ್ತಾಯ್ತು, ಹೇಳಿಲ್ಲ.