ಹತ್ತೋಕೆ ಮೆಟ್ಟಿಲು, ಇಳಿಯೋಕೆ ಬಸ್ಸು

ನನಗೀಗ ಎಪ್ಪತ್ತೊಂದು. ಮೈಸೂರಿನ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೆ. ಚಾಮುಂಡಿ ಬೆಟ್ಟಕ್ಕೆ ಎಷ್ಟು ಟ್ರಿಪ್ ಹೊಡೆದೆನೋ ಲೆಕ್ಕವಿಲ್ಲ. ಆದರೆ ಮೆಟ್ಟಿಲು ಹತ್ತೋಕೆ ಶುರು ಮಾಡಿದ್ದು ರಿಟೈರ್ ಆದ ಮೇಲೆ. ಈಗ ತಿಂಗಳಿಗೆ ಎರಡು ಭಾನುವಾರ ತಪ್ಪಿಸುವುದಿಲ್ಲ. ನನ್ನ ವಯಸ್ಸಿನವರು "ಹೆಂಗ್ರೀ ಹತ್ತೀರಿ?" ಅಂತಾರೆ. ಹೇಳ್ತೀನಿ ಕೇಳಿ.

ಮೊದಲು ಡಾಕ್ಟರ ಹತ್ತಿರ ಹೋಗಿ. ಸುಮ್ನೆ "ಚೆಕಪ್ ಮಾಡಿ" ಅನ್ನಬೇಡಿ. ನಿಮ್ಮ ಮಾತ್ರೆಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿ, "ಇವನ್ನು ತಗೊಂಡು ಸಾವಿರ ಮೆಟ್ಟಿಲು ಹತ್ತಬಹುದಾ?" ಅಂತ ಕೇಳಿ. ಕೆಲವು ಬಿಪಿ ಮಾತ್ರೆ ಮೈಯಲ್ಲಿನ ನೀರನ್ನು ಹೊರಗೆ ಹಾಕುತ್ತವೆ. ಸಕ್ಕರೆ ಕಾಯಿಲೆಯವರಿಗೆ ಹತ್ತುವಾಗ ಶುಗರ್ ಇಳಿದು ಬೆವರು, ನಡುಕ ಬರಬಹುದು. ನನ್ನ ಜೇಬಿನಲ್ಲಿ ಯಾವಾಗಲೂ ಬೆಲ್ಲದ ಚೂರು ಇರುತ್ತದೆ.

ಆಮೇಲೆ ಒಂದು ತಿಂಗಳು ಮನೆಯಲ್ಲೇ ತಯಾರಿ. ಕೈ ಊರದೆ ಕುರ್ಚಿಯಿಂದ ಏಳುವುದು, ನಿಧಾನ ಕೂರುವುದು. ಮೊದಲ ದಿನ ನನಗೆ ಆರು ಸಲಕ್ಕೇ ಸಾಕಾಯಿತು. ಹಲ್ಲುಜ್ಜುವಾಗ ಸಿಂಕ್ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಮೊಮ್ಮಗ ನಗ್ತಾನೆ, ನಗಲಿ ಬಿಡಿ.

ಬೆಟ್ಟವನ್ನು ಸ್ಟೇಜ್ ಲೆಕ್ಕದಲ್ಲಿ ಹತ್ತಿ. ಮೊದಲ ಭಾನುವಾರ ನೂರು ಮೆಟ್ಟಿಲು, ವಾಪಸ್. ಮುಂದಿನ ಸಲ ಇನ್ನೂರು. ಕೆಳಗಿನ ಭಾಗವೇ ಕಡಿದು, ಅಲ್ಲಿ ಆತುರ ಬೇಡ. ಪಕ್ಕದವರ ಜೊತೆ ಮಾತಾಡೋಕೆ ಆಗುತ್ತಾ? ಹಾಗಾದರೆ ರೈಟ್. ಮಾತು ಅರ್ಧಕ್ಕೇ ತುಂಡಾಗುತ್ತಾ? ಹೋಲ್ಡಾನ್, ಪಕ್ಕಕ್ಕೆ ಕೂತು ಬಿಡಿ. ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹಬ್ಬಿದರೆ ಅಲ್ಲೇ ನಿಲ್ಲಿಸಿ ಜನರನ್ನು ಕರೆಯಿರಿ. ಏಳುನೂರು ಮೆಟ್ಟಿಲಿನ ಆಸುಪಾಸಿನಲ್ಲಿ ದೊಡ್ಡ ನಂದಿ ಸಿಗುತ್ತದೆ. ಅಲ್ಲಿಗೆ ರಸ್ತೆಯೂ ಇದೆ. ಸುಸ್ತಾದವರು ಅಲ್ಲಿಂದಲೇ ಮನೆಯವರಿಗೆ ಫೋನ್ ಮಾಡಿ ಗಾಡಿ ತರಿಸಿಕೊಳ್ಳಬಹುದು. ಅವಮಾನ ಏನಿಲ್ಲ.

ಬಾಯಾರಿಕೆಗೆ ಕಾಯಬೇಡಿ. ವಯಸ್ಸಾದ ಮೇಲೆ ಅದು ತಡವಾಗಿ ಗೊತ್ತಾಗುತ್ತದೆ. ಬೆಳಿಗ್ಗೆ ಆರಕ್ಕೇ ಶುರು ಮಾಡಿ. ತಿಂಡಿ ಕವರ್ ಕೈಯಲ್ಲಿ ಹಿಡಿಯಬೇಡಿ, ಕೋತಿಗಳಿವೆ.

ಕಾಲಿಡುವ ಜಾಗ ನೋಡಿ. ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾರೆ. ಮಳೆ ಹನಿ ಬಿದ್ದರೆ ಅದು ನುಣ್ಣಗೆ ಜಾರುತ್ತದೆ. ಹೋದ ವರ್ಷ ಒಬ್ಬ ಅಜ್ಜಿ ಹೀಗೇ ಪ್ರತಿ ಮೆಟ್ಟಿಲಿಗೂ ಬಗ್ಗಿ ಬೊಟ್ಟು ಇಡುತ್ತಾ ನನ್ನ ಮುಂದೆ ಹೋಗುತ್ತಿದ್ದರು. ಬಗ್ಗದೆ ಬರುತ್ತಿದ್ದ ನನಗೇ ಅವರನ್ನು ಹಿಡಿಯೋಕೆ ಆಗಲಿಲ್ಲ!

ಈಗ ಮುಖ್ಯ ವಿಷಯ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ಮೊದಲ ಸಲ ಪೂರ್ತಿ ಹತ್ತಿದ ಖುಷಿಗೆ ಮೆಟ್ಟಿಲಲ್ಲೇ ದಡದಡ ಇಳಿದುಬಿಟ್ಟೆ. ಕೆಳಗೆ ಬರುವಷ್ಟರಲ್ಲಿ ತೊಡೆ ಗಡಗಡ ನಡುಗುತ್ತಿತ್ತು. ಹದಿನೈದು ದಿನ ಕಕ್ಕಸಿಗೆ ಕೂರೋಕೂ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಿಡಿದ ಹಾಗೆ ಮೈಭಾರ ತಡೆಯುತ್ತಲೇ ಹಿಗ್ಗಬೇಕು. ಅಭ್ಯಾಸ ಇಲ್ಲದಿದ್ದರೆ ಅದಕ್ಕೆ ಪೆಟ್ಟು, ಮಂಡಿಗೂ ಭಾರ ಜಾಸ್ತಿ. ಅದಕ್ಕೇ ನಾನು ಮೇಲಿಂದ ಬಸ್ಸಿಗೆ ಬರ್ತೀನಿ. ಕಂಡಕ್ಟರ್ ಸೀಟಿನ ಹಿಂದೆ ಕೂತು ಟಿಕೆಟ್ ತಗೊಳ್ಳೋದೂ ಒಂಥರಾ ಮಜಾ.

ಇಳಿಯಲೇಬೇಕಾದರೆ ಕೋಲು ಇರಲಿ. ಕೆಳಗಿನ ಮೆಟ್ಟಿಲಿಗೆ ಮೊದಲು ಕೋಲು, ಆಮೇಲೆ ನೋಯುವ ಕಾಲು, ಕೊನೆಗೆ ಗಟ್ಟಿ ಕಾಲು. ಹತ್ತುವಾಗ ಗಟ್ಟಿ ಕಾಲೇ ಮೊದಲು.

ಮುಂದಿನ ತಿಂಗಳು ನಾನು, ನಮ್ಮನೆಯವಳು ಶ್ರವಣಬೆಳಗೊಳಕ್ಕೆ ಹೊರಟಿದ್ದೇವೆ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು, ಬಂಡೆ ಕಾಯುವ ಮೊದಲೇ ಹತ್ತಿ ಇಳಿಯಬೇಕು. ಅಲ್ಲಿ ಇಳಿಯೋಕೆ ಬಸ್ಸಿಲ್ಲ. ಹಾಗಾಗಿ ಸಂಜೆ ಹೊತ್ತು ಮಹಡಿ ಮೆಟ್ಟಿಲನ್ನು ಹತ್ತು ಸಲ ನಿಧಾನವಾಗಿ ಇಳಿಯುತ್ತಿದ್ದೇನೆ. "ಡೋಲಿ ಇದೆಯಲ್ರೀ" ಅಂತಾಳೆ ಅವಳು. ಅವಳು ಬೇಕಾದರೆ ಕೂರಲಿ!