ಮೈನ್ ನಕ್ಷೆಯಿಂದ ಪಹಣಿಯವರೆಗೆ

1966ರಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದೆ. ಅಲ್ಲಿ ನಾವೆಲ್ಲ ‘ತಂಬಿ’ಗಳು, ಅಂದರೆ ತಮಿಳಿನಲ್ಲಿ ತಮ್ಮಂದಿರು. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಮೈನ್, ಅಂದರೆ ನೆಲದಲ್ಲಿ ಹೂತಿಟ್ಟ ಸ್ಫೋಟಕ, ಹುಡುಕುವುದನ್ನು ಕಲಿತೆವು. ನೇರವಾಗಿ ಚುಚ್ಚಿದರೆ ಅದರ ನೆತ್ತಿಯನ್ನೇ ಒತ್ತಿದಂತೆ. ಓರೆಯಾಗಿ ಚುಚ್ಚಿದರೆ ಪಕ್ಕೆ ತಗಲುತ್ತದೆ.

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದೊಂದಿಗಿನ ಯುದ್ಧದ ಒಂದು ರಾತ್ರಿ, ಬಸಂತರ್ ನದಿಯ ದಂಡೆಯಲ್ಲಿ ದಾರಿ ಇನ್ನೂ ಪೂರ್ತಿ ತೆರವಾಗಿರಲಿಲ್ಲ. ಆದರೂ ಪೂನಾ ಹಾರ್ಸ್ ಎಂಬ ರೆಜಿಮೆಂಟಿನ ಟ್ಯಾಂಕ್‌ಗಳು ಆ ಮೈನ್‌ಗಳ ನಡುವೆಯೇ ದಾಟಿ ಹೋದವು. ಅಲ್ಲಿ ಹೋರಾಡಿ ಮಡಿದ, ಅದೇ ರೆಜಿಮೆಂಟಿನ ಅಧಿಕಾರಿ ಅರುಣ್ ಖೇತ್ರಪಾಲ್ ಅವರಿಗೆ ಇಪ್ಪತ್ತೊಂದು ವರ್ಷ. ನನಗಿಂತ ಚಿಕ್ಕವರು. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲು ನನಗೆ ಇಂದಿಗೂ ಆಗುವುದಿಲ್ಲ.

ನನ್ನನ್ನು ರೂಪಿಸಿದ್ದು ಯುದ್ಧದ ನಂತರದ ಕೆಲಸ. ಗಡಿಯ ಹೊಲಗಳಲ್ಲಿ ನಮ್ಮ ಸೈನ್ಯವೇ ಹೂತಿದ್ದ ಮೈನ್‌ಗಳನ್ನು ತೆಗೆಯಬೇಕಿತ್ತು. ಎಲ್ಲಿಂದ ಆರಂಭ, ಯಾವ ದಿಕ್ಕು, ಎಷ್ಟು ಸಾಲು, ಸಾಲಿಗೆ ಎಷ್ಟು ಎಂಬುದೆಲ್ಲ ನಕ್ಷೆಯಲ್ಲಿತ್ತು. ಲೆಕ್ಕದಲ್ಲಿ ಒಂದು ಕಡಿಮೆ ಸಿಕ್ಕರೂ ಹೊಲವನ್ನು ರೈತರಿಗೆ ಬಿಟ್ಟುಕೊಡುವಂತಿರಲಿಲ್ಲ. ಅವರು ನೇಗಿಲು ಹಿಡಿದು ಕಾಯುತ್ತಿದ್ದರು. ಬರೆದವನು ಸರಿಯಾಗಿ ಬರೆಯದಿದ್ದರೆ ಯಾರ ಕಾಲು ಹೋಗುತ್ತದೆ ಎಂಬುದು ನನಗೆ ಅಲ್ಲಿ ತಿಳಿಯಿತು.

1983ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಗ್ರಾಮ ಲೆಕ್ಕಿಗನ ಹುದ್ದೆಗೆ ಅರ್ಜಿ ಹಾಕಿದರೆ, ಡಿಸ್ಚಾರ್ಜ್ ಪುಸ್ತಕದ ಜನ್ಮದಿನಾಂಕಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೊಂದಾಣಿಕೆಯಿರಲಿಲ್ಲ. ತಿದ್ದಿಸಲು ಬಹಳ ಓಡಾಡಿದೆ. 1985ರಲ್ಲಿ ಕೆಲಸ ಸಿಕ್ಕಿತು.

ಪಹಣಿಯ ಒಂಬತ್ತನೆಯ ಕಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಋಣಗಳು, ಹನ್ನೆರಡರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಈ ಹನ್ನೆರಡನೆಯದು ನಡೆದು ತುಂಬಬೇಕಾದ ಕಲಂ. ಒಂದು ವರ್ಷ ಜ್ವರ ಹಿಡಿದು ಮಲಗಿದ್ದಾಗ, ಒಂದು ಊರಿನ ಬೆಳೆಯನ್ನು ಹಿಂದಿನ ವರ್ಷದ ಪಹಣಿಯಿಂದ ನಕಲು ಮಾಡಿಬಿಟ್ಟೆ. ಆ ಸಲ ಮಳೆ ಕೈಕೊಟ್ಟಿತು. ಒಂಟಿ ಹೆಂಗಸೊಬ್ಬರು ಬಿತ್ತಿದ್ದ ಶೇಂಗಾ ಒಣಗಿತ್ತು. ಪಹಣಿಯಲ್ಲಿ ಮಾತ್ರ ‘ಪಾಳು’ ಎಂದಿತ್ತು. ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅವರ ಮನೆಗೆ ಹೋಗಿ, “ತಪ್ಪು ನನ್ನದು, ತಾಯಿ” ಎಂದೆ. ಅವರು ನೀರು ತಂದುಕೊಟ್ಟರು, ಏನೂ ಅನ್ನಲಿಲ್ಲ. ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಪ್ಪೊಪ್ಪಿಕೊಂಡು ತಿದ್ದುಪಡಿ ಮಾಡಿಸುವಷ್ಟರಲ್ಲಿ ಮುಂದಿನ ಬಿತ್ತನೆ ಬಂದಿತ್ತು. ಅಲ್ಲಿಂದ ಮುಂದೆ ನಿವೃತ್ತಿಯವರೆಗೂ ಹೊಲಕ್ಕೆ ಹೋಗದೆ ಒಂದು ಸಾಲನ್ನೂ ಬರೆಯಲಿಲ್ಲ. ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದೆ, ಜೇಬಿನಲ್ಲಿ ಸರ್ವೆ ನಂಬರುಗಳ ಸಣ್ಣ ಪುಸ್ತಕ.

‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ಮುದ್ರಿತ ಪ್ರತಿಯನ್ನು ಕೈಬರಹದೊಂದಿಗೆ ತಾಳೆ ನೋಡುವ ಕೆಲಸ ನಮ್ಮ ಹೆಗಲಿಗೆ ಬಿತ್ತು. ಗುಂಟೆಯ ಜಾಗದಲ್ಲಿ ಎಕರೆ ಬಿದ್ದರೆ ನಲವತ್ತು ಪಟ್ಟು ವ್ಯತ್ಯಾಸ. ರಾತ್ರಿ ಮಗಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. 2005ರಲ್ಲಿ, ಐವತ್ತೆಂಟು ತುಂಬಿದಾಗ ನಿವೃತ್ತನಾದೆ.

ಈಗ ನನ್ನ ಬಳಿ ಬರುವ ಮಾಜಿ ಸೈನಿಕರಿಗೆ ಮೊದಲು ಹೇಳುವುದು, ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು, ಜನ್ಮದಿನಾಂಕ ಇದೆಯೇ, ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ ಎಂದು. ನೀವು ಬದುಕಿರುವಾಗ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸಕ್ಕೆ, ನೀವು ಹೋದ ಮೇಲೆ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಸೈನ್ಯದ ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಕೊಡಬಹುದು. ಎಂಬತ್ತು ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20ರಷ್ಟು ಹೆಚ್ಚುವರಿ ಸಿಗುತ್ತದೆ, ಅದಕ್ಕೂ ಜನ್ಮದಿನಾಂಕ ಸರಿಯಿರಬೇಕು.

ಈಗ ಬೆಳೆ ಸಮೀಕ್ಷೆಗೆ ಆ್ಯಪ್ ಬಂದಿದೆ, ರೈತರೇ ಹೊಲದಲ್ಲಿ ನಿಂತು ಚಿತ್ರ ತೆಗೆದು ಹಾಕಬಹುದು. ಕಳೆದ ಮುಂಗಾರಿನಲ್ಲಿ ನಮ್ಮ ಹೊಲದ ಚಿತ್ರ ತೆಗೆದದ್ದು ಮೊಮ್ಮಗಳು. ರಾಗಿಯ ನಡುವೆ ಹಾಕಿದ್ದ ಅವರೆಯ ಸಾಲು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಇಬ್ಬರೂ ಮತ್ತೆ ಬದುವಿನ ಮೇಲೆ ಹೋಗಿ, ಅದನ್ನೂ ಸೇರಿಸಿ ಬಂದೆವು.